ಹದಿನಾಲ್ಕು ವೋಲ್ಟು ಎಲ್ಲಿ ಹೋಯಿತು?

(ಮಳವಳ್ಳಿ ಕಡೆಯ ಒಂದು ಊರು. ಮಾತಾಡುತ್ತಿರುವವರಲ್ಲಿ ಒಬ್ಬರು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬ ಅವರದೇ ಹಳೆಯ ಶಿಷ್ಯ. ವೈರಿಂಗು, ಮೋಟಾರ್ ರಿವೈಂಡಿಂಗು ಅವನ ಕಸುಬು. ಮೇಷ್ಟ್ರ ಮನೆಯ ಗೀಸರು ನೀರು ಕಾಯಿಸಲು ತಡ ಮಾಡುತ್ತಿದೆ.)

– ಕಾಯ್ಲು ಹೋಗಿದೆ ಕಣಯ್ಯಾ, ಬದಲಾಯಿಸಿಬಿಡು. ಹೊಸದರಲ್ಲಿ ಇಪ್ಪತ್ತು ನಿಮಿಷಕ್ಕೆ ಕಾಯ್ತಿದ್ದ ನೀರು ಈಗ ಹತ್ತಿರ ಹತ್ತಿರ ಅರ್ಧ ಗಂಟೆ ತಗೊಳ್ತಿದೆ.

– ಕಾಯ್ಲು ಹೋದ್ರೆ ನೀರು ತಡವಾಗಿ ಕಾಯಲ್ಲ ಸಾರ್, ಕಾಯೋದೇ ಇಲ್ಲ. ಸ್ವಲ್ಪ ತಡ್ಕೊಳ್ಳಿ, ಮೊದಲು ಎರಡು ರೀಡಿಂಗ್ ತಗೊಳ್ಳೋಣ. ಗೀಸರ್ ಆನ್ ಇರೋವಾಗ್ಲೇ ಅದರ ಪಾಯಿಂಟಿನಲ್ಲಿ 198 ವೋಲ್ಟು. ಇನ್ನು ಟಾಂಗ್ ಟೆಸ್ಟರ್... ಒಂದು ತಂತಿ ಮಾತ್ರ ಇದರ ಬಾಯೊಳಗೆ ಬರಬೇಕು. ಎರಡೂ ಒಟ್ಟಿಗೆ ಹಿಡಿದ್ರೆ ಹೋಗೋ ಕರೆಂಟೂ ಬರೋ ಕರೆಂಟೂ ಒಂದಕ್ಕೊಂದು ಕಳೆದು ಸೊನ್ನೆ ತೋರ್ಸುತ್ತೆ. ಹಾಂ, ಏಳೂವರೆ ಆಂಪ್ಸು. ಈಗ ಲೆಕ್ಕ ನಿಮ್ಮದು.

– ಇದೇನು ಮಹಾ. 198ನ್ನು ಏಳೂವರೆಯಿಂದ ಭಾಗಿಸು: 26.4 ಓಮ್. ಅದು ರೋಧ. ಗುಣಿಸು: 1485 ವ್ಯಾಟ್. ಅದು ಸಾಮರ್ಥ್ಯ. ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೀನಿ.

– ಗೀಸರಿನ ಮೇಲೆ ಏನು ಬರೆದಿದೆ?

– 230 ವೋಲ್ಟ್, 2000 ವ್ಯಾಟ್. ಅಂದ್ರೆ 230ರ ವರ್ಗ 52,900. ಅದನ್ನು 2000ದಿಂದ ಭಾಗಿಸಿದ್ರೆ 26.45. ಓಹೋ! ಕಂಪನಿಯವನು ಹೇಳಿದ್ದೂ ಅಷ್ಟೇ, ನಾವು ಅಳೆದಿದ್ದೂ ಅಷ್ಟೇ.

– ಹಂಗಾದ್ರೆ ಕಾಯ್ಲು ಹೋಗಿಲ್ಲ. ಅದಕ್ಕೆ ಸಿಗಬೇಕಾದ ವೋಲ್ಟೇಜು ಸಿಗ್ತಿಲ್ಲ, ಅಷ್ಟೇ.

– ಆದ್ರೂ 230ಕ್ಕೆ 198 ಅಂದ್ರೆ ನೂರಕ್ಕೆ 14 ಕಮ್ಮಿ. ಅಷ್ಟಕ್ಕೆ ಇಷ್ಟು ತಡ ಆಗುತ್ತಾ? ಇರು, ಪವರ್ರು 2000 ಇದ್ದದ್ದು 1485. ನೂರಕ್ಕೆ 26 ಹೋಯ್ತಲ್ಲ! ಸರಿ ಸರಿ, ರೋಧ ಅಷ್ಟೇ ಇದ್ರೆ ವೋಲ್ಟೇಜ್ ಇಳಿದ ಹಾಗೆ ಕರೆಂಟೂ ಇಳಿಯುತ್ತೆ. ಎರಡೂ ಇಳಿದಾಗ ಗುಣಲಬ್ಧ ಎರಡು ಸಲ ಪೆಟ್ಟು ತಿನ್ನುತ್ತೆ. ಹದಿನೈದು ಲೀಟರ್ ನೀರು, 22 ಡಿಗ್ರಿಯಿಂದ 60 ಡಿಗ್ರಿಗೆ ಏರಬೇಕು ಅಂದ್ಕೋ. ಲೀಟರಿಗೆ ಡಿಗ್ರಿಗೆ 4.19 ಕಿಲೋಜೌಲ್ ಲೆಕ್ಕದಲ್ಲಿ ಸುಮಾರು 2390 ಕಿಲೋಜೌಲ್. ಎರಡು ಸಾವಿರ ವ್ಯಾಟಿನಲ್ಲಿ ಇಪ್ಪತ್ತು ನಿಮಿಷ, 1485ರಲ್ಲಿ ಇಪ್ಪತ್ತೇಳು. ನಮ್ಮ ಮನೆಯವಳು ಗೊಣಗ್ತಿದ್ದದ್ದು ಸರಿಯಾಗೇ ಇದೆ. ಬಿಡು, ನಾಳೆನೇ ಕರೆಂಟ್ ಆಫೀಸಿಗೆ ಅರ್ಜಿ ಕೊಡ್ತೀನಿ. ಶಿವನಸಮುದ್ರದ ಬ್ಲಫ್ ಪವರ್ ಹೌಸ್ ಇಲ್ಲೇ ಕೂಗಳತೆಯಲ್ಲಿ ಇಟ್ಕೊಂಡು ನಮಗೆ 198 ವೋಲ್ಟಾ!

– ಅರ್ಜಿ ಆಮೇಲೆ ಬರೀರಿ. ಮೀಟರ್ ಬೋರ್ಡಿನ ಹತ್ರ ಬನ್ನಿ. ಗೀಸರ್ ಆಫ್ ಮಾಡಿದಾಗ ಇಲ್ಲಿ 218. ಆನ್ ಮಾಡಿದಾಗ 212. ಹಳೇ ನಿಯಮದ ಪ್ರಕಾರ 230ಕ್ಕೆ ನೂರಕ್ಕೆ 6 ಹೆಚ್ಚೂಕಮ್ಮಿ ಇರಬಹುದು, ಅಂದ್ರೆ 216ರವರೆಗೆ ಇಳಿಯಬಹುದು. ಲೋಡ್ ಹಾಕಿದ ಮೇಲೆ ಅದೂ ದಾಟಿತು, ನಿಜ. ಆದ್ರೆ ಬೋರ್ಡಿನಲ್ಲಿ 212 ಇರೋದು ಬಚ್ಚಲುಮನೆಗೆ ಹೋಗೋ ಹೊತ್ತಿಗೆ 198 ಆಗಿದೆ. ಈ ಹದಿನಾಲ್ಕು ವೋಲ್ಟು ಯಾರ ಮನೇಲಿ ಹೋಯ್ತು? ನಿಮ್ಮ ಮನೇಲೇ ಸಾರ್.

– ಎಲ್ಲಿ ಹೋಯ್ತು ಅಂದ್ರೆ? ತಂತಿಗೂ ರೋಧ ಇರುತ್ತೆ. ನಾವು ಪಾಠದಲ್ಲಿ ಅದನ್ನು ನಗಣ್ಯ ಅಂತ ಬಿಟ್ಟುಬಿಡ್ತೀವಿ.

– ಬಿಡಬೇಡಿ. ಅಳೀರಿ. ಹದಿನಾಲ್ಕನ್ನ ಏಳೂವರೆಯಿಂದ ಭಾಗಿಸಿ.

– 1.87 ಓಮ್. ಹದಿನಾಲ್ಕು ಗುಣಿಸು ಏಳೂವರೆ, 105 ವ್ಯಾಟ್. ಒಂದು ಹಳೇ ಕಾಲದ ನೂರು ಕ್ಯಾಂಡಲ್ ಬಲ್ಬು ಗೋಡೆಯೊಳಗೇ ಉರೀತಿದೆ ಅನ್ನು!

– ಅದಕ್ಕೆ ಯೂನಿಟ್ ಚಾರ್ಜೂ ನೀವೇ ಕೊಡ್ತಿದ್ದೀರಿ, ಯಾಕಂದ್ರೆ ಅದು ಮೀಟರ್ ದಾಟಿದ ಮೇಲಿನದು. ಬೇಕಾದ್ರೆ ಮೀಟರನ್ನೇ ಕೇಳಿ. ಫ್ರಿಜ್ಜು, ಫ್ಯಾನು ಎಲ್ಲ ಆಫ್ ಮಾಡಿಸಿ, ಗೀಸರ್ ಒಂದೇ ಇರಲಿ. ಈ ಕೆಂಪು ದೀಪ ಮಿಣುಕ್ತಿದೆಯಲ್ಲ, ಪಕ್ಕದಲ್ಲಿ 3200 ಅಂತ ಬರೆದಿದೆ. ಒಂದು ಯೂನಿಟ್ಟಿಗೆ 3200 ಸಲ ಮಿಣುಕುತ್ತೆ. ನಿಮ್ಮ ವಾಚ್ ನೋಡ್ಕೊಂಡು ಇಪ್ಪತ್ತು ಎಣಿಸಿ.

– ...ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಹದಿನಾಲ್ಕು ಸೆಕೆಂಡು. ಒಂದು ಮಿಣುಕಿಗೆ ಗಂಟೆಯ ಲೆಕ್ಕದಲ್ಲಿ... 3600ನ್ನು 3200ರಿಂದ ಭಾಗಿಸಿದ್ರೆ 1.125. ಅಂದ್ರೆ ಒಂದು ಕಿಲೋವ್ಯಾಟ್ ಇದ್ರೆ 1.125 ಸೆಕೆಂಡಿಗೊಂದು ಮಿಣುಕು. ನಮ್ಮದು 0.7 ಸೆಕೆಂಡಿಗೊಂದು. ಸುಮಾರು 1600 ವ್ಯಾಟ್. ಬೋರ್ಡಿನಲ್ಲಿ 212 ಗುಣಿಸು ಏಳೂವರೆ, 1590. ಅದರಲ್ಲಿ ಗೀಸರಿನ ಪಾಲು 1485, ಗೋಡೆಯ ಪಾಲು 105. ಅಬ್ಬಾ, ಕೂಡಿಸಿದ್ರೆ ಸರಿಯಾಗಿ ಬರುತ್ತೆ ಕಣಯ್ಯಾ! ಕ್ಲಾಸಿನಲ್ಲಿ ಇಷ್ಟು ಚೆನ್ನಾಗಿ ಒಂದು ದಿನವೂ ಬಂದಿಲ್ಲ. ಬ್ಯಾಟರಿ, ಅಮ್ಮೀಟರು, ರಿಯೋಸ್ಟಾಟು ಎಲ್ಲ ಜೋಡಿಸಿ ಗ್ರಾಫ್ ಹಾಕಿಸಿದ್ರೆ ಗೆರೆ ಯಾವಾಗಲೂ ಸೊಟ್ಟಗೇ ಹೋಗ್ತಿತ್ತು. ಹುಡುಗರು ಬಿಂದುಗಳನ್ನು ಒಂಚೂರು ಅತ್ತಿತ್ತ ಸರಿಸಿ ನೇರ ಮಾಡಿ ತರೋರು.

– ನಾನೂ ಸರಿಸಿದ್ದೀನಿ ಸಾರ್.

– ಗೊತ್ತು. ಮಾರ್ಕ್ಸ್ ಕೊಟ್ಟಿದ್ದೀನಲ್ಲ. ಈಗ ತಂತಿ ಎಷ್ಟು ಉದ್ದ ಇದೆ ಹೇಳು.

– ಬೋರ್ಡಿನಿಂದ ಬಚ್ಚಲುಮನೆಗೆ 35 ಮೀಟರ್. ಹೋಗೋದಕ್ಕೊಂದು ಬರೋದಕ್ಕೊಂದು, ಒಟ್ಟು 70. ಒಂದೂವರೆ ಸ್ಕ್ವೇರ್ ಎಂಎಂ ತಾಮ್ರ. ಗೀಸರಿಗೆ ಅದು ಸಾಲದು, ಆದ್ರೆ ಯಾರೋ ಹಾಕಿಬಿಟ್ಟಿದ್ದಾರೆ.

– ತಾಮ್ರಕ್ಕೆ ಒಂದು ಚದರ ಮಿಲಿಮೀಟರ್ ದಪ್ಪ, ಒಂದು ಮೀಟರ್ ಉದ್ದಕ್ಕೆ 0.0172 ಓಮ್. ಗುಣಿಸು 70, ಭಾಗಿಸು ಒಂದೂವರೆ: 0.8 ಓಮ್. ಅದು ತಿನ್ನೋದು ಆರು ವೋಲ್ಟು. ಹದಿನಾಲ್ಕರಲ್ಲಿ ಆರು ಹೋದ್ರೆ ಎಂಟು ವೋಲ್ಟು ಇನ್ನೂ ಪತ್ತೆ ಇಲ್ಲ.

– ಇಲ್ಲಿಂದ ಮುಂದಕ್ಕೆ ನನ್ನ ಪಾಠ. ಹೊಸ ಬಚ್ಚಲುಮನೆ ಕಟ್ಟಿದಾಗ ಹಳೇ ಲೈನನ್ನ ಎಳೆದು ಮುಂದುವರಿಸಿದಾರೆ ಅಲ್ವಾ? ಎಲ್ಲೋ ಒಂದು ಕಡೆ ತಂತಿಗೆ ತಂತಿ ತಿರುಚಿ ಟೇಪ್ ಸುತ್ತಿರ್ತಾರೆ. ಏಣಿ ಕೊಡಿ, ಅಟ್ಟದ ಮೇಲಿನ ಜಂಕ್ಷನ್ ಬಾಕ್ಸ್ ನೋಡ್ತೀನಿ.

– ಮೇನ್ ಆಫ್ ಮಾಡಿ ಮಲ್ಟಿಮೀಟರನ್ನು ಓಮ್‌ಗೆ ಇಟ್ಟು ಆ ಜಾಯಿಂಟನ್ನೇ ಅಳೆದುಬಿಡು. ಸುಲಭ.

– ಇದರ ಎರಡು ಕಡ್ಡಿ ಒಂದಕ್ಕೊಂದು ಮುಟ್ಟಿಸಿದ್ರೇ 0.4 ತೋರ್ಸುತ್ತೆ ನೋಡಿ. ಒಂದು ಓಮ್ ಹುಡುಕೋಕೆ ಹೊರಟವನಿಗೆ ಇದು ದಾರಿ ತಪ್ಪಿಸುತ್ತೆ. ಅದೂ ಅಲ್ದೆ ಇದು ಕಳಿಸೋದು ಲೆಕ್ಕಕ್ಕಿಲ್ಲದಷ್ಟು ಕರೆಂಟು. ತಣ್ಣಗಿರೋ ಜಾಯಿಂಟು ಅಷ್ಟಕ್ಕೆ ಸಾಧು ಥರ ಕೂತಿರುತ್ತೆ. ಏಳೂವರೆ ಆಂಪ್ಸು ಹರಿದು ಕಾದಾಗಲೇ ಅದರ ಗುಣ ಗೊತ್ತಾಗೋದು. ಹಂಗಾಗಿ ಲೋಡ್ ಇರೋವಾಗ್ಲೇ ಜಾಯಿಂಟಿನ ಈ ಕಡೆ ಒಂದು ಕಡ್ಡಿ, ಆ ಕಡೆ ಒಂದು ಕಡ್ಡಿ ಇಟ್ಟು ವೋಲ್ಟೇಜ್ ನೋಡ್ತೀನಿ. ನೀವು ಮಾತ್ರ ಇದನ್ನ ಮಾಡೋಕೆ ಹೋಗ್ಬೇಡಿ. ರಬ್ಬರ್ ಮ್ಯಾಟು, ಒಣಗಿದ ಕೈ, ಅಭ್ಯಾಸ ಮೂರೂ ಬೇಕು. ಸ್ವಿಚ್ಚಿಗೆ ಕಾಲು ವೋಲ್ಟು, ಪರ್ವಾಗಿಲ್ಲ. ಈ ಜಾಯಿಂಟಿಗೆ... 7.7. ಸಿಕ್ತು. ಟೇಪು ಕರಗಿ ಸಕ್ಕರೆಪಾಕ ಆಗಿದೆ ಸಾರ್.

– ಎಂಟು ವೋಲ್ಟಿನ ಬಾಬತ್ತು ಮುಗಿದ ಹಾಗೇ ಆಯ್ತು. ಹೆಚ್ಚೂಕಮ್ಮಿ ಒಂದು ಓಮ್.

– ಆ ಒಂದು ಓಮಿನಲ್ಲಿ ಎಷ್ಟು ವ್ಯಾಟು?

– 7.7 ಗುಣಿಸು ಏಳೂವರೆ, 58. ಹತ್ತಿರ ಹತ್ತಿರ ಅರವತ್ತು.

– ನನ್ನ ಸೋಲ್ಡರಿಂಗ್ ಐರನ್ನು 25 ವ್ಯಾಟು. ಇದು ಅದರ ಎರಡರಷ್ಟಕ್ಕೂ ಜಾಸ್ತಿ, ಉಗುರಿನಷ್ಟು ಜಾಗದಲ್ಲಿ, ಮರದ ತೊಲೆ ಪಕ್ಕದಲ್ಲಿ.

– ಎಂಸಿಬಿ ಹಾಕ್ಸಿದ್ದೀನಲ್ಲಯ್ಯಾ! ಅದು ಯಾಕೆ ಬೀಳಲಿಲ್ಲ?

– ಯಾಕೆ ಬೀಳುತ್ತೆ? ಅದು ನೋಡೋದು ಆಂಪ್ಸ್ ಮಾತ್ರ. ನಿಮ್ಮದು 16 ಆಂಪ್ಸಿಂದು, ಹರೀತಿರೋದು ಏಳೂವರೆ. ಜಾಯಿಂಟು ಕೆಟ್ಟಷ್ಟೂ ಒಟ್ಟು ರೆಸಿಸ್ಟೆನ್ಸ್ ಜಾಸ್ತಿ, ಕರೆಂಟು ಇನ್ನೂ ಕಮ್ಮಿ. ಎಂಸಿಬಿ ಕಣ್ಣಿಗೆ ಅದು ಒಳ್ಳೇದೇ ಆಗ್ತಿದೆ. ಶಾರ್ಟ್ ಆದ್ರೆ ಅದು ಕಾಪಾಡುತ್ತೆ, ಸಡಿಲ ಜಾಯಿಂಟಿನಿಂದ ಕಾಪಾಡಲ್ಲ. ಶಾರ್ಟ್ ಸರ್ಕ್ಯೂಟ್ ಆಗಿ ಬೆಂಕಿ ಬಿತ್ತು ಅಂತ ಪೇಪರಿನಲ್ಲಿ ಬರೋದರಲ್ಲಿ ಮೊದಲು ಹೊತ್ತಿಕೊಂಡದ್ದು ಇಂಥ ಜಾಯಿಂಟೇ ಇರುತ್ತೆ, ಶಾರ್ಟ್ ಆಗೋದು ಇನ್ಸುಲೇಷನ್ ಕರಗಿದ ಮೇಲೆ ಅನ್ನೋದು ನನ್ನ ಅನಿಸಿಕೆ. ಮೇನ್ ಆಫ್ ಮಾಡಿ, ಇದು ತಣ್ಣಗಾಗಲಿ.

– ಆಯ್ತು. ಅಲ್ಲಿಯವರೆಗೆ ನನ್ನದೊಂದು ಕೇಳು. ನೀನು ಹೊರಗಿನ ಲೈನಿನ ಲೆಕ್ಕ ಹೇಳಿದೆಯಲ್ಲ, ಆಫ್ ಇದ್ದಾಗ 218, ಆನ್ ಆದಾಗ 212. ಆ ಆರು ವೋಲ್ಟು ಟ್ರಾನ್ಸ್‌ಫಾರ್ಮರಿನಿಂದ ನಮ್ಮ ಮನೆವರೆಗಿನ ದಾರಿಯ ರೋಧ, 0.8 ಓಮ್. ಓಮ್ ಅನ್ನೋ ಮನುಷ್ಯನಿಗೂ ಸರಿಯಾಗಿ ಇದೇ ತಲೆನೋವು ಬಂದಿತ್ತು.

– ಅವರೂ ಮೇಷ್ಟ್ರೇ ಅಲ್ವಾ?

– ಹೂಂ, ಗೇಯೋರ್ಗ್ ಸೈಮನ್ ಓಮ್, ಜರ್ಮನಿಯ ಕಲೋನ್ ಊರಿನ ಹೈಸ್ಕೂಲ್ ಮೇಷ್ಟ್ರು. ತಂತಿಯ ಉದ್ದ ಬದಲಾಯಿಸ್ತಾ ಕರೆಂಟು ಎಷ್ಟು ಇಳಿಯುತ್ತೆ ಅಂತ ನೋಡ್ತಿದ್ದ. ಆಗ ಇದ್ದದ್ದು ವೋಲ್ಟಾನ ಬ್ಯಾಟರಿ. ಕರೆಂಟ್ ಎಳೆದ ತಕ್ಷಣ ಅದರ ವೋಲ್ಟೇಜೇ ಕುಸಿಯೋದು, ಆಮೇಲೆ ಏರೋದು. ಅಳೆಯೋ ಸೇರೇ ಹಿಗ್ಗಿ ಕುಗ್ಗಿದ್ರೆ ಅಕ್ಕಿ ಅಳೆಯೋದು ಹೇಗೆ? 1825ರಲ್ಲಿ ಅವನು ಅಚ್ಚು ಹಾಕಿಸಿದ ಸೂತ್ರ ತಪ್ಪಾಗಿತ್ತು, ಲಾಗರಿದಮ್ಮಿನದು. ಆಮೇಲೆ ಪೊಗೆಂಡಾರ್ಫ್ ಅನ್ನೋ ವಿದ್ವಾಂಸ ಸಲಹೆ ಕೊಟ್ಟ: ಬ್ಯಾಟರಿ ಬಿಡು, ಬಿಸ್ಮತ್ತು ತಾಮ್ರದ ಜೋಡಿ ತಗೋ. ಒಂದು ಬೆಸುಗೆ ಕುದಿಯೋ ನೀರಲ್ಲಿ, ಇನ್ನೊಂದು ಮಂಜುಗಡ್ಡೆಯಲ್ಲಿ. ಕುದಿಯೋ ನೀರೂ ಮಂಜೂ ತಮ್ಮ ಉಷ್ಣತೆ ಬಿಟ್ಟು ಕದಲಲ್ಲ, ಹಾಗಾಗಿ ವೋಲ್ಟೇಜೂ ಕದಲಲ್ಲ. 1826ರಲ್ಲಿ ಲೆಕ್ಕ ಕೂತಿತು. ಅವನು ಬರೆದದ್ದು ಹೇಗೆ ಗೊತ್ತಾ? ಕರೆಂಟು ಅಂದ್ರೆ a ಯನ್ನು b ಕೂಡಿಸು x ಮೊತ್ತದಿಂದ ಭಾಗಿಸಿದ್ದು. x ಅನ್ನೋದು ಪರೀಕ್ಷೆಗೆ ಹಾಕಿದ ತಂತಿ. b ಅನ್ನೋದು ಉಳಿದ ಸರ್ಕ್ಯೂಟು.

– ಅಂದ್ರೆ ನಮ್ಮ ಸರ್ವಿಸ್ ವೈರು, ಗೋಡೆ ಒಳಗಿನ ತಂತಿ, ಈ ಜಾಯಿಂಟು.

– ಅದೇ b. ನಾವು ಪಾಠ ಹೇಳೋವಾಗ ಆ b ಯನ್ನು ಕೈಬಿಟ್ಟು V ಸಮ IR ಅಂತ ಚಿಕ್ಕದು ಮಾಡಿದ್ವಿ. 1827ರಲ್ಲಿ ಪುಸ್ತಕ ಬರೆದ. ಅವನ ನಾಡಿನಲ್ಲಿ ಹೆಚ್ಚು ಜನ ಮೆಚ್ಚಲಿಲ್ಲ, ಕೆಲಸ ಬಿಟ್ಟ. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರು ಕಾಪ್ಲೆ ಪದಕ ಕೊಟ್ರು. ಅದೇ ಹೊತ್ತಿಗೆ ಮ್ಯಾಂಚೆಸ್ಟರ್ ಕಡೆ ಜೌಲ್ ಅಂತ ಇನ್ನೊಬ್ಬ ತಂತಿ ಸುರುಳಿಯನ್ನು ನೀರಲ್ಲಿ ಮುಳುಗಿಸಿ ಕರೆಂಟ್ ಹರಿಸಿ ನೀರು ಎಷ್ಟು ಬಿಸಿಯಾಯ್ತು ಅಂತ ಅಳೀತಿದ್ದ. ಕರೆಂಟು ಎರಡರಷ್ಟಾದ್ರೆ ಬಿಸಿ ನಾಲ್ಕರಷ್ಟು ಅಂತ ಕಂಡುಹಿಡಿದ. ಅವನದು ನಮ್ಮ ಗೀಸರೇ ಅನ್ನು.

– ನಿಮ್ಮ V ಸಮ IR ಬಗ್ಗೆ ನನಗೊಂದು ತಕರಾರು ಇದೆ ಸಾರ್. ಆ ನೂರು ವ್ಯಾಟಿನ ಹಳೇ ಬಲ್ಬು ನಿಮ್ಮ ಹತ್ರ ಇನ್ನೂ ಇದ್ರೆ ತನ್ನಿ. ಲೆಕ್ಕದಲ್ಲಿ ಅದರ ರೆಸಿಸ್ಟೆನ್ಸ್ ಎಷ್ಟು?

– 52,900 ಭಾಗಿಸು ನೂರು. 529 ಓಮ್.

– ಮಲ್ಟಿಮೀಟರ್ ಹೇಳೋದು ನಲವತ್ತು. ಇಲ್ಲಿ ಮೀಟರಿನ ಕಡ್ಡಿ ದೋಷ ಅಂತೆಲ್ಲ ಹೇಳೋ ಹಾಗಿಲ್ಲ.

– ಅದು ತಣ್ಣಗಿರೋ ಟಂಗ್‌ಸ್ಟನ್. ಉರಿಯೋವಾಗ ಸುಮಾರು 2500 ಡಿಗ್ರಿ. ರೋಧ ಹನ್ನೆರಡು ಹದಿಮೂರು ಪಟ್ಟು ಏರುತ್ತೆ. ಎರಡೂ ಸರಿ, ಎರಡು ಬೇರೆ ಹೊತ್ತಿನ ಅಳತೆ.

– ಅದಕ್ಕೇ ಆ ಬಲ್ಬುಗಳು ಸ್ವಿಚ್ ಹಾಕಿದ ಗಳಿಗೇಲೇ ಪಟ್ ಅಂತ ಹೋಗ್ತಿದ್ದದ್ದು. 230 ಭಾಗಿಸು 40 ಅಂದ್ರೆ ಐದೂಮುಕ್ಕಾಲು ಆಂಪ್ಸು ಒಂದು ಕ್ಷಣ ನುಗ್ಗುತ್ತೆ, ಆಮೇಲೆ ಅರ್ಧ ಆಂಪ್ಸಿಗೂ ಕಮ್ಮಿಗೆ ಇಳಿದು ನಿಲ್ಲುತ್ತೆ. ಗೀಸರಿನ ನೈಕ್ರೋಮ್ ಕಾಯ್ಲು ಹಂಗಲ್ಲ. ಬಿಸಿಯಾದ್ರೂ ಅದರ ರೆಸಿಸ್ಟೆನ್ಸ್ ಹೆಚ್ಚು ಕದಲಲ್ಲ, ಅದಕ್ಕೇ ನಮ್ಮ 26.4ಕ್ಕೂ 26.45ಕ್ಕೂ ತಾಳೆ ಆಯ್ತು.

– ಒಪ್ಪಿದೆ. ಪಕ್ಕದ ತೋಟದ ಮೋಟಾರ್ ಸುಟ್ಟುಹೋಯ್ತಂತಲ್ಲ, ಅದೂ ವೋಲ್ಟೇಜ್ ಕಮ್ಮಿ ಆಗಿಯೇ ಅಂದ್ರು. ಅದು ಮಾತ್ರ ನನಗೆ ಒಗಟು. ವೋಲ್ಟೇಜ್ ಇಳಿದ್ರೆ ಕರೆಂಟು ಇಳಿಯಬೇಕು, ಬಿಸಿ ಇನ್ನೂ ಕಮ್ಮಿ ಆಗಬೇಕು. ಗೀಸರ್ ಆರಿತು, ಮೋಟಾರ್ ಸುಟ್ಟಿತು. ಅದು ಹೇಗೆ?

– ಐದು ಎಚ್‌ಪಿ ಬೋರ್‌ವೆಲ್ ಮೋಟಾರು. ವೋಲ್ಟೇಜ್ ನೆಟ್ಟಗಿದ್ದಾಗ 415 ವೋಲ್ಟು, 9 ಆಂಪ್ಸು.

– ಎಚ್‌ಪಿಗೆ 746 ವ್ಯಾಟ್. ಐದಕ್ಕೆ 3730. ಇತ್ತ 415 ಗುಣಿಸು 9, 3735! ಐದು ವ್ಯಾಟಷ್ಟೇ ವ್ಯತ್ಯಾಸ. ನೋಡಿದ್ಯಾ?

– ಆ ಲೆಕ್ಕ ಪೂರ್ತಿ ತಪ್ಪು ಸಾರ್.

– ಉತ್ತರ ಸರಿ ಬಂತಲ್ಲಯ್ಯಾ!

– ಮೂರು ತಪ್ಪು ಸೇರಿ ಒಂದು ಸರಿ ಆಗಿದೆ. ಮೂರು ಫೇಸು, ಅದಕ್ಕೆ 1.732ರಿಂದ ಗುಣಿಸಬೇಕಿತ್ತು, ಬಿಟ್ರಿ. ಮೋಟಾರಿನಲ್ಲಿ ವೋಲ್ಟೇಜೂ ಕರೆಂಟೂ ಒಟ್ಟಿಗೆ ಏರಿಳಿಯಲ್ಲ, ಕರೆಂಟು ಹಿಂದೆ ಬೀಳುತ್ತೆ. ಪವರ್ ಫ್ಯಾಕ್ಟರ್ 0.8 ಅಂದ್ಕೊಳ್ಳಿ, ಅದನ್ನೂ ಬಿಟ್ರಿ. ಇವೆರಡನ್ನೂ ಸೇರಿಸಿದ್ರೆ ಒಳಗೆ ಹೋಗೋದು ಸುಮಾರು 5175 ವ್ಯಾಟು. ಶಾಫ್ಟಿನಲ್ಲಿ ಹೊರಗೆ ಬರೋದು 3730. ಇದು ನೂರಕ್ಕೆ 72; ಉಳಿದದ್ದು ಬಿಸಿಯಾಗಿ ಬೋರಿನ ನೀರಿಗೆ ಹೋಗುತ್ತೆ. ಅದು ಮೂರನೇದು. 1.732, 0.8, 0.72 ಮೂರನ್ನೂ ಗುಣಿಸಿ ನೋಡಿ, ಒಂದಕ್ಕೆ ಬಂದು ನಿಲ್ಲುತ್ತೆ. ಈ ಮೋಟಾರಿಗೆ ಹೊಂದಿತು. ಇನ್ನೊಂದಕ್ಕೆ ಹೊಂದಲ್ಲ.

– ಹಾಳಾಗಿ ಹೋಗಲಿ! ಪರೀಕ್ಷೆಯಲ್ಲಿ ಇಂಥ ಉತ್ತರಕ್ಕೆ ಪೂರ್ತಿ ಅಂಕ ಕೊಟ್ಟುಬಿಡ್ತಿದ್ದೆ. ರೋಧವಾದ್ರೂ 415 ಭಾಗಿಸು 9, 46 ಓಮ್ ಆಗುತ್ತಾ?

– ಅದೂ ಇಲ್ಲ. ನಾನು ಸುತ್ತೋದು ತಾಮ್ರದ ತಂತಿ. ಎರಡು ತುದಿ ಮಧ್ಯೆ ಮೀಟರ್ ಇಟ್ರೆ ಕೆಲವೇ ಓಮು. ಉಳಿದದ್ದು ತಂತಿಯ ರೆಸಿಸ್ಟೆನ್ಸ್ ಅಲ್ಲ. ಒಳಗಿನ ಕಾಂತಕ್ಷೇತ್ರ ಕರೆಂಟಿಗೆ ಎದುರು ನಿಂತಿರೋದು. ಮೋಟಾರು ಸಿಕ್ಕಿಹಾಕ್ಕೊಂಡು ತಿರುಗದೇ ನಿಂತ್ರೆ ಆ ಎದುರು ಬಹಳ ಮಟ್ಟಿಗೆ ಹೋಗುತ್ತೆ, ಐದಾರು ಪಟ್ಟು ಕರೆಂಟು ನುಗ್ಗುತ್ತೆ. ಇನ್ನು ನಿಮ್ಮ ಒಗಟು. ಗೀಸರಿಗೆ ಹಟ ಇಲ್ಲ. ಕಮ್ಮಿ ಕೊಟ್ರೆ ಕಮ್ಮಿ ಕಾಯುತ್ತೆ. ಪಂಪಿಗೆ ಮುನ್ನೂರು ಅಡಿಯಿಂದ ನೀರು ಎತ್ತಲೇಬೇಕು, ಕೆಲಸ ಹೆಚ್ಚೂಕಮ್ಮಿ ಅಷ್ಟೇ ಇರುತ್ತೆ. ವೋಲ್ಟೇಜ್ 340ಕ್ಕೆ ಬಿದ್ರೆ ಅದೇ ಕೆಲಸಕ್ಕೆ ಕರೆಂಟ್ ಜಾಸ್ತಿ ಎಳೆಯುತ್ತೆ, ಒಂಬತ್ತು ಇದ್ದದ್ದು ಹನ್ನೊಂದು ಅಂದ್ಕೊಳ್ಳಿ. ಈಗ ನಿಮ್ಮ ಜೌಲ್ ಲೆಕ್ಕ ಹಾಕಿ.

– ಹನ್ನೊಂದರ ವರ್ಗ 121, ಒಂಬತ್ತರ ವರ್ಗ 81. ವೈಂಡಿಂಗಿನ ಬಿಸಿ ಒಂದೂವರೆ ಪಟ್ಟು. ಸರಿ, ಸುಡದೇ ಏನು ಮಾಡುತ್ತೆ.

– ಓವರ್‌ಲೋಡ್ ರಿಲೇ ಸರಿಯಾಗಿ ಸೆಟ್ ಮಾಡಿದ್ರೆ ಸುಡ್ತಿರಲಿಲ್ಲ. ಪದೇ ಪದೇ ಟ್ರಿಪ್ ಆಗುತ್ತೆ ಅಂತ ಅದನ್ನ ಮೇಲಕ್ಕೆ ತಿರುಗಿಸಿ ಇಟ್ಟಿರ್ತಾರೆ. ರಿವೈಂಡಿಂಗ್ ಅಂಗಡಿಯವನು ಇದನ್ನ ಹೇಳಬಾರದು, ನನ್ನ ಹೊಟ್ಟೆಪಾಡು ಅದು.

– ಹಾಗಿದ್ರೆ ದೂರಕ್ಕೆ ಕಳಿಸೋವಾಗ ವೋಲ್ಟೇಜ್ ಯಾಕೆ ಏರಿಸ್ತಾರೆ ಅನ್ನೋದಕ್ಕೂ ಇದೇ ಉತ್ತರ. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದ್ರು, ಸುಮಾರು 147 ಕಿಲೋಮೀಟರ್. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಗಣಿಗೆ ಮೊದಲು, ಜನಕ್ಕೆ ಆಮೇಲೆ. ಇರಲಿ. ಮೂವತ್ತು ಸಾವಿರ ವೋಲ್ಟಿನ ಆಸುಪಾಸಿನಲ್ಲಿ ಕಳಿಸಿದ್ರು. ಅಷ್ಟೇ ಪವರನ್ನು ಅಷ್ಟೇ ದಪ್ಪದ ತಂತಿಯಲ್ಲಿ 230 ವೋಲ್ಟಿನಲ್ಲಿ ಕಳಿಸೋಕೆ ಹೊರಟಿದ್ರೆ ಕರೆಂಟು 130 ಪಟ್ಟು. ತಂತಿಯಲ್ಲಿ ಆಗೋ ನಷ್ಟ 130ರ ವರ್ಗ, ಹದಿನೇಳು ಸಾವಿರ ಪಟ್ಟು. ಕನಕಪುರ ದಾಟೋ ಮುಂಚೆಯೇ ಎಲ್ಲ ಮುಗಿದಿರೋದು.

– ಕನಕಪುರ ಯಾಕೆ, ಹಲಗೂರಿನವರೆಗೂ ಹೋಗ್ತಿರಲಿಲ್ಲ. ಜಾಯಿಂಟ್ ತಣ್ಣಗಾಯ್ತು. ಇದನ್ನ ತೆಗೆದು ಬೋರ್ಡಿನಿಂದ ಗೀಸರಿಗೆ ಒಂದೇ ಎಳೆ ನಾಲ್ಕು ಸ್ಕ್ವೇರ್ ಎಂಎಂ ಹಾಕ್ತೀನಿ. ನಡುವೆ ಎಲ್ಲೂ ಜಾಯಿಂಟ್ ಬೇಡ.

– ಇರು, ಅದರ ಫಲವನ್ನೂ ನೋಡೋಣ. 0.0172 ಗುಣಿಸು 70, ಭಾಗಿಸು 4: 0.3 ಓಮ್. ಹೊರಗಿನ 0.8, ಗೀಸರಿನ 26.45 ಕೂಡಿಸಿದ್ರೆ 27.55. ಅದರಿಂದ 218ನ್ನು ಭಾಗಿಸಿದ್ರೆ 7.9 ಆಂಪ್ಸು. ಗೀಸರಿಗೆ ಸಿಗೋದು 209 ವೋಲ್ಟು, 1655 ವ್ಯಾಟು. ನೀರು ಕಾಯೋಕೆ ಇಪ್ಪತ್ತನಾಲ್ಕು ನಿಮಿಷ. ಅಯ್ಯೋ ಪುಣ್ಯಾತ್ಮ! ಇಷ್ಟೆಲ್ಲ ಖರ್ಚು ಮಾಡಿದ್ರೆ ಉಳಿಯೋದು ಮೂರು ನಿಮಿಷವಾ? ನಮ್ಮ ಮನೆಯವಳಿಗೆ ಏನಂತ ಹೇಳಲಿ?

– ಮೂರು ನಿಮಿಷಕ್ಕೆ ಅಲ್ಲ ಸಾರ್ ಈ ಖರ್ಚು, ಅಟ್ಟದ ಮೇಲಿನ ಆ ಅರವತ್ತು ವ್ಯಾಟಿಗೆ. ಉಳಿದ ನಾಲ್ಕು ನಿಮಿಷ ಹೊರಗಿನ ಲೈನಿನದು. ಅದಕ್ಕೆ ನಿಮ್ಮ ಅರ್ಜಿ ಬರೀರಿ. ವೋಲ್ಟೇಜ್ ಕಮ್ಮಿ ಇದೆ ಅಂತ ಬರೆದ್ರೆ ಫೈಲಿನಲ್ಲಿ ಮಲಗುತ್ತೆ. ಇಂಥ ಹೊತ್ತಿನಲ್ಲಿ, ಏಳೂವರೆ ಆಂಪ್ಸ್ ಲೋಡಿನಲ್ಲಿ, ಮೀಟರ್ ಬೋರ್ಡಿನಲ್ಲಿ 218ರಿಂದ 212ಕ್ಕೆ ಇಳೀತು, ಸರ್ವಿಸ್ ವೈರಿನ ಜಾಯಿಂಟು ನೋಡಿಕೊಡಿ ಅಂತ ಬರೀರಿ. ಲೈನ್‌ಮನ್ ಕಂಬ ಹತ್ತಬೇಕಾಗುತ್ತೆ.

– ಬರೀತೀನಿ. ವೈರು ಎಷ್ಟು ತರಿಸಲಿ, ಎಪ್ಪತ್ತು ಮೀಟರ್ ಸಾಕಾ?

– ತೊಂಬತ್ತು ಮೀಟರಿನ ಸುತ್ತೇ ಬರೋದು, ಒಂದು ತರಿಸಿ. ಅರ್ತಿಂಗಿಗೆ ಹಸಿರು ಬೇರೆ ಬೇಕು, ಅದು 35 ಮೀಟರ್ ಬಿಡಿಯಾಗಿ ಸಿಗುತ್ತೆ. ಈ ಗೀಸರಿಗೆ ಅರ್ತಿಂಗೇ ಕೊಟ್ಟಿಲ್ಲ ಅಂತ ಆಗಲೇ ನೋಡಿದೆ. ವೈರು ಬರೋವರೆಗೂ ಒಲೆ ಮೇಲೆ ನೀರು ಕಾಯಿಸ್ಕೊಳ್ಳಿ.